ಅರಿಯಲೂರಿಗೆ ಹೋದರೆ ‘ಡೈನೋಸಾರ್ ಮೊಟ್ಟೆ’ಗೆ ದುಡ್ಡು ಕೊಡಬೇಡಿ

ತಮಿಳುನಾಡಿನಲ್ಲಿ, ಅರಿಯಲೂರು ಪಕ್ಕದ ಪೆರಂಬಲೂರಿನಲ್ಲಿ ಬಸ್ ಇಳಿದ ಅರ್ಧ ಗಂಟೆಯೊಳಗೆ 600 ರೂಪಾಯಿ ಹೋಯಿತು. ಆಟೋದವರೊಬ್ಬರು ಡೈನೋಸಾರ್ ಮೊಟ್ಟೆ ತೋರಿಸುತ್ತೇನೆ ಅಂತ ಕುನ್ನಂ ಹತ್ತಿರದ ಕೆರೆಗೆ ಕರೆದುಕೊಂಡು ಹೋದರು. ದೊಡ್ಡ ದೊಡ್ಡ ಗುಂಡು ಕಲ್ಲುಗಳು. ನಾನೂ ನಂಬಿದೆ. ಮಾರನೇ ದಿನ ವಾರಣವಾಸಿಯ ಪಳೆಯುಳಿಕೆ ಮ್ಯೂಸಿಯಂನಲ್ಲಿ ನಿಜ ತಿಳಿಯಿತು. ಅವು ಕಡಲ ತಳದ ಕೆಸರು ಉಂಡೆಯಾಗಿ ಗಟ್ಟಿಯಾದದ್ದು. ಕೆಲವು ಉಂಡೆಗಳೊಳಗೆ ಅಮೋನೈಟ್ ಅನ್ನೋ ಸುರುಳಿ ಚಿಪ್ಪಿನ ಪ್ರಾಣಿ ಇರುತ್ತದೆ. ನಾನು ಅಷ್ಟು ದೂರ ಹೋಗಿದ್ದೇ ಅಮೋನೈಟ್‌ಗಾಗಿ!

ನಮ್ಮ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಆಗ ಚಿಪ್ಪಿನ ಪ್ರಾಣಿಗಳೇ ಇರಲಿಲ್ಲ, ಹಾಗಾಗಿ ಅದರಲ್ಲಿ ಅಮೋನೈಟ್ ಸಿಗಲ್ಲ. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆ ಅಮೋನೈಟ್‌ಗಳೂ ಅಳಿದವಲ್ವಾ, ಅದರ ಗುರುತು ನೋಡೋಕೆ ಬೆಂಗಳೂರಿನಿಂದ ಒಂದು ರಾತ್ರಿ ಬಸ್ ಸಾಕು. ಆದರೆ ಕಲಾಸಿಪಾಳ್ಯದಲ್ಲಿ ನಾನು ಹತ್ತಿದಂಥ ಬಸ್ ಬೇಡ. ಎಸಿ ಸ್ಲೀಪರ್ ಅಂತ ದುಡ್ಡು ತೆಗೆದುಕೊಂಡರು. ಎಸಿ ಹೊಸೂರಿನಲ್ಲೇ ನಿಂತಿತು, ಕಿಟಕಿ ತೆರೆಯೋಕೆ ಬರಲ್ಲ, ಸೇಲಂವರೆಗೂ ಬೆವರು. ಸುಮ್ನೆ ಸರ್ಕಾರಿ ಬಸ್ಸಲ್ಲಿ ಹೋಗಿ.

ಅಳಿವಿನ ಗುರುತು ಅಂದ್ರೆ ಕಲ್ಲಿನಲ್ಲಿ ಕಪ್ಪು ಗೆರೆ ಕಾಣುತ್ತೆ ಅಂದುಕೊಳ್ಳಬೇಡಿ. ಇಟಲಿಯ ಗುಬ್ಬಿಯೋದಲ್ಲಿ ಇರಿಡಿಯಂ (ಉಲ್ಕೆಗಳಲ್ಲಿ ಹೆಚ್ಚಿರುವ ಲೋಹ) ಜಾಸ್ತಿಯಿರುವ ತೆಳು ಜೇಡಿ ಪದರವಿದೆ. ಉಲ್ಕೆ ಬಿದ್ದು ಡೈನೋಸಾರ್‌ಗಳು ಅಳಿದವು ಅನ್ನೋ ವಾದ 1980ರಲ್ಲಿ ಬಂದದ್ದು ಅದರಿಂದಲೇ. ನಮ್ಮಲ್ಲಿ ಅಂಥದ್ದು ಮೇಘಾಲಯದಲ್ಲಿದೆ. ಅರಿಯಲೂರಿನಲ್ಲಿ ನೋಡಬೇಕಾದದ್ದು ‘ಇಲ್ಲ’ ಅನ್ನೋದನ್ನ. ಕೆಳಗಿನ ಪದರಗಳಲ್ಲಿ ಅಮೋನೈಟ್‌ಗಳು. ಅದರ ಮೇಲೆ ಕಡಲು ಹಿಂದೆ ಸರಿದ ಕಾಲದ ಕಲ್ಲಮೇಡು ಮರಳುಗಲ್ಲು, ಡೈನೋಸಾರ್ ಮೂಳೆಗಳು. ಇನ್ನೂ ಮೇಲೆ ನಿನ್ನಿಯೂರು ಸುಣ್ಣಕಲ್ಲು. ಕಡಲು ಮತ್ತೆ ಬಂದಿದೆ, ಅಮೋನೈಟ್ ಮಾತ್ರ ಬಂದಿಲ್ಲ. ಅದರ ದಾಯಾದಿ ನಾಟಿಲಸ್ ಉಳಿದುಕೊಂಡಿದೆ. ಇದು ಅರ್ಥವಾದಾಗ ಮೈ ಜುಮ್ಮೆಂದಿತು.

ಅರಿಯಲೂರು ಬಸ್ ಸ್ಟ್ಯಾಂಡ್ ಹತ್ತಿರ ಬೆಂಚು ಹಾಕಿದ ಒಂದು ಸಣ್ಣ ಮೆಸ್ ಇದೆ. ಬೋರ್ಡ್ ಇಲ್ಲ. ಎಲೆ ಊಟಕ್ಕೆ 80 ರೂಪಾಯಿ. ಸುಂಡೆಕಾಯಿ ವತ್ತಕೊಳಂಬು, ಸೊಪ್ಪಿನ ಕೂಟು, ಬಿಸಿ ಹಪ್ಪಳ, ಕೊನೆಗೆ ಗಟ್ಟಿ ಮಜ್ಜಿಗೆ. ಬಡಿಸುವ ಅಕ್ಕ ಸಾಕು ಅಂದರೂ ಇನ್ನೊಂದು ಸೌಟು ಹಾಕುತ್ತಾರೆ. ಎರಡು ಹೊತ್ತೂ ಅಲ್ಲೇ ಊಟ ಮಾಡಿದೆ. ಬೆಂಗಳೂರಿನಲ್ಲಿ ಇಂಥ ಕೊಳಂಬು ಎಷ್ಟು ದುಡ್ಡು ಕೊಟ್ಟರೂ ನನಗೆ ಸಿಕ್ಕಿಲ್ಲ.

ಸಾತನೂರಿನ ಕಲ್ಲಾದ ಮರ 18 ಮೀಟರ್ ಉದ್ದ, ಅರ್ಧ ಗಂಟೆ ಸಾಕು. ಮಳೆನೀರು ಕೊರೆದ ಬಯಲು, ಕಾರೈ ಕೊರಕಲಿಗೆ ಬೆಳಿಗ್ಗೆಯೇ ಹೋಗಿ, ನೆರಳಿಲ್ಲ, ತಲಾ 3 ಲೀಟರ್ ನೀರು ಇರಲಿ. ಚಿಪ್ಪುಗಳನ್ನು ಜೇಬಿಗೆ ಹಾಕಬೇಡಿ. ಯಾವ ಪದರದ್ದು ಅಂತ ಗೊತ್ತಿದ್ದರೆ ಮಾತ್ರ ಅದು ಸಾಕ್ಷಿ. ವಾಪಸ್ ಬರೋಕೆ ವಾಹನ ಸಿಗಲ್ಲ, ಹೋದ ಆಟೋವನ್ನೇ ನಿಲ್ಲಿಸಿಕೊಳ್ಳಿ. ಕಾಯುವುದಕ್ಕೂ ಸೇರಿಸಿ ರೇಟು ಮೊದಲೇ ಮಾತಾಡಿ.