ಅಥೆನ್ಸಿನ ಚೀಟಿ ಕಲ್ಲು: ಗೋಲಿ ಈಗ ಒಂದೊಂದೇ ಬೀಳುತ್ತಿದೆ

ನಾನು ಮಾಡುತ್ತಿರುವ ಕ್ಲೆರೋಟೇರಿಯನ್ ಮಾದರಿ ಅರ್ಧಕ್ಕಿಂತ ಜಾಸ್ತಿ ಆಯಿತು. ಹೊಸದಾಗಿ ಓದುತ್ತಿರುವವರಿಗೆ: ಅರಿಸ್ಟಾಟಲ್ ಕಾಲದ ಅಥೆನ್ಸಿನಲ್ಲಿ ಆ ದಿನ ಕೋರ್ಟಿನಲ್ಲಿ ತೀರ್ಪು ಹೇಳಲು ಯಾರು ಕೂರಬೇಕು ಅಂತ ಆರಿಸುತ್ತಿದ್ದ ಯಂತ್ರ ಇದು. ನಿಲ್ಲಿಸಿದ ಕಲ್ಲಿನ ಹಲಗೆ, ಅದರ ತುಂಬಾ ಸಾಲುಸಾಲಾಗಿ ಸೀಳುಗಂಡಿ, ಪಕ್ಕದಲ್ಲಿ ಒಂದು ಕೊಳವೆ. ಒಡೆದ ತುಂಡೊಂದು ಅಥೆನ್ಸಿನ ಅಗೋರಾ ಮ್ಯೂಸಿಯಂನಲ್ಲಿದೆ. ಬಳಸುವ ಕ್ರಮ ಸಿಗುವುದು ಅರಿಸ್ಟಾಟಲ್ ಹೆಸರಿನಲ್ಲಿರುವ ‘ಅಥೆನ್ಸಿನ ಸಂವಿಧಾನ’ದಲ್ಲಿ. ಕಳೆದೇ ಹೋಗಿದ್ದ ಆ ಪುಸ್ತಕ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿ 1891ರಲ್ಲಿ ಅಚ್ಚಾಯಿತು.

ನನ್ನದು ಪ್ಲೈವುಡ್. ಪುಸ್ತಕದಲ್ಲಿ ಇರುವ ಹಾಗೇ ಮೇಲಿಂದ ಕೆಳಕ್ಕೆ 5 ಕಂಬ; ಒಂದೊಂದರಲ್ಲಿ 20 ಗಂಡಿ ಅನ್ನೋದು ನನ್ನ ಲೆಕ್ಕ. ಗಂಡಿಗೆ ತೂರಿಸುವ ಹೆಸರಿನ ಪಟ್ಟಿಗೆ, ಅಂದರೆ ಪಿನಾಕಿಯನ್‌ಗೆ, ಐಸ್‌ಕ್ರೀಮ್ ಕಡ್ಡಿ. ಅಸಲಿ ಪಿನಾಕಿಯನ್ ಮೊದಲು ಕಂಚಿನದು, ಆಮೇಲೆ ಮರದ್ದು. ಅದರ ಮೇಲೆ ತನ್ನ ಹೆಸರು, ಅಪ್ಪನ ಹೆಸರು, ಊರು. ಥೇಟ್ ನಮ್ಮ ಇನಿಶಿಯಲ್ ಲೆಕ್ಕವೇ ಅಲ್ವಾ?

ತಲೆನೋವು ಕೊಟ್ಟದ್ದು ಕೊಳವೆ. ಮೇಲಿಂದ ಕಪ್ಪು ಬಿಳಿ ಗೋಲಿ ಕಲಸಿ ಸುರಿಯಬೇಕು, ಕೆಳಗೆ ಒಂದು ಸಲಕ್ಕೆ ಒಂದೇ ಬೀಳಬೇಕು. ಕರೆಂಟ್ ಪೈಪಿನ ತುಂಡಿಗೆ ಸುಮ್ನೆ ಒಂದು ಅಡ್ಡಕಡ್ಡಿ ಇಟ್ಟರೆ, ಅದನ್ನು ಎಳೆದ ತಕ್ಷಣ ಎಲ್ಲವೂ ದಡದಡ ಉದುರುತ್ತವೆ. ಹಾಗಾಗಿ ಒಂದು ಗೋಲಿಯಷ್ಟು ಅಂತರದಲ್ಲಿ ಎರಡು ತೂತು ಕೊರೆದು ಎರಡು ಸೈಕಲ್ ಕಡ್ಡಿ ಹಾಕಿದೆ. ಕೆಳಗಿನದನ್ನು ಎಳೆದಾಗ ಮೇಲಿನದು ಒಳಗಿರುತ್ತದೆ, ಒಂದು ಗೋಲಿ ಬೀಳುತ್ತದೆ. ಕೆಳಗಿನದನ್ನು ಮತ್ತೆ ಒಳಗೆ ತಳ್ಳಿ ಮೇಲಿನದನ್ನು ಎಳೆದರೆ ಮುಂದಿನ ಗೋಲಿ ಇಳಿದು ಕಾಯುತ್ತದೆ. ಈಗ ಕೈ ಪಳಗಿದೆ.

ಬಿಳಿ ಗೋಲಿ ಬಿದ್ದರೆ ಆ ಅಡ್ಡಸಾಲಿನ ಐದೂ ಜನ ಕೋರ್ಟಿಗೆ. ಕಪ್ಪು ಬಿದ್ದರೆ ಐದೂ ಜನ ಮನೆಗೆ. 25 ಜನ ಬೇಕಿದ್ದರೆ 5 ಬಿಳಿ, 15 ಕಪ್ಪು. ಅಷ್ಟೇ ಲೆಕ್ಕ.

ಇದರ ಜೊತೆಗೆ ಓದೂ ನಡೆದಿದೆ. ಈ ಯಂತ್ರ ಇಟ್ಟುಕೊಂಡು ಓದಿದರೆ, ಆಳುವವರನ್ನು ಚೀಟಿ ಎತ್ತಿ ಆರಿಸಬೇಕೋ ಬೇಡವೋ ಅನ್ನುವ ಗ್ರೀಕರ ಹಳೇ ಜಗಳ ಬೇರೆ ಥರ ಕಾಣುತ್ತದೆ. ಆಗ ಅಧಿಕಾರಿಗಳನ್ನು ಅವರೆಕಾಳಿನಂಥ ಕಾಳು ಎತ್ತಿ ಆರಿಸುವ ಪದ್ಧತಿ ಇತ್ತು. ಸಾಕ್ರಟೀಸ್ ಅದನ್ನು ಹುಚ್ಚುತನ ಅನ್ನುತ್ತಿದ್ದ ಅಂತ ಅವನ ಮೇಲೆ ದೂರು. ಹಡಗು ನಡೆಸುವವನನ್ನಾಗಲಿ, ಮನೆ ಕಟ್ಟುವವನನ್ನಾಗಲಿ, ಕೊಳಲೂದುವವನನ್ನಾಗಲಿ ಯಾರೂ ಕಾಳೆತ್ತಿ ಆರಿಸುವುದಿಲ್ಲ, ಊರು ಆಳುವವನನ್ನು ಮಾತ್ರ ಯಾಕೆ? ಸಾಕ್ರಟೀಸನ ಶಿಷ್ಯ ಕ್ಸೆನೊಫೋನ್ ಇದನ್ನು ಬರೆದಿಟ್ಟಿದ್ದಾನೆ. ಪ್ಲೇಟೋ ತನ್ನ ‘ರಿಪಬ್ಲಿಕ್’ನಲ್ಲಿ ಅದೇ ಹಡಗನ್ನು ಹಿಡಿದು ಇನ್ನೂ ದೂರ ಹೋಗುತ್ತಾನೆ: ನಾವಿಕರೆಲ್ಲ ಚುಕ್ಕಾಣಿಗೆ ಕಿತ್ತಾಡುತ್ತಾರೆ, ನಕ್ಷತ್ರ ನೋಡಿ ದಾರಿ ತಿಳಿದವನನ್ನು ಕೆಲಸಕ್ಕೆ ಬಾರದವನು ಅಂತ ನಗುತ್ತಾರೆ. ಆಳುವುದೂ ಒಂದು ವಿದ್ಯೆ, ಆ ವಿದ್ಯೆ ಇದ್ದವನೇ ಆಳಲಿ ಅನ್ನೋದು ಅವನ ಪಟ್ಟು.

ವಾದ ಗಟ್ಟಿಯಾಗಿದೆ, ಒಪ್ಪುತ್ತೇನೆ. ಆದರೆ ಪ್ಲೇಟೋ ತನ್ನ ಇನ್ನೊಂದು ಸಂವಾದದಲ್ಲಿ ಊರೂರು ಸುತ್ತಿ ಪಾಠ ಹೇಳುತ್ತಿದ್ದ ಪ್ರೊಟಾಗೊರಸ್ ಬಾಯಲ್ಲಿ ಎದುರು ಉತ್ತರವನ್ನೂ ಅಷ್ಟೇ ಚೆನ್ನಾಗಿ ಹೇಳಿಸಿದ್ದಾನೆ! ಹಡಗು ಕಟ್ಟುವ ಮಾತು ಬಂದಾಗ ಅಥೆನ್ಸಿನ ಸಭೆ ಆ ಕೆಲಸ ಗೊತ್ತಿಲ್ಲದವರ ಬಾಯಿ ಮುಚ್ಚಿಸುತ್ತದೆ, ಊರಿನ ಮಾತು ಬಂದಾಗ ಮಾತ್ರ ಬಡಗಿ, ಕಮ್ಮಾರ, ಚಪ್ಪಲಿ ಹೊಲಿಯುವವ ಯಾರು ಎದ್ದು ನಿಂತರೂ ಕೇಳುತ್ತದೆ, ಯಾಕೆಂದರೆ ನಾಚಿಕೆ ಮತ್ತು ನ್ಯಾಯ ಇವೆರಡನ್ನು ಗ್ರೀಕರ ದೊಡ್ಡ ದೇವರು ಜೀಯಸ್ ಎಲ್ಲರಿಗೂ ಹಂಚಿ ಅಂತ ಹೇಳಿ ಕಳಿಸಿದ್ದ ಅನ್ನುವ ಕಥೆ ಅಲ್ಲಿದೆ. ಅರಿಸ್ಟಾಟಲ್‌ಗೆ ದೇವರೂ ಬೇಕಾಗಿಲ್ಲ. ಮನೆ ಹೇಗಿದೆ ಅಂತ ಕಟ್ಟಿದವನಿಗಿಂತ ಅಲ್ಲಿ ಇರುವವನು ಚೆನ್ನಾಗಿ ಹೇಳುತ್ತಾನೆ, ಊಟ ಹೇಗಿದೆ ಅಂತ ಅಡುಗೆಯವನಿಗಿಂತ ಉಂಡವನು. ನನಗೆ ಪ್ಲೇಟೋಗೆ ಇದಕ್ಕಿಂತ ಒಳ್ಳೆ ಉತ್ತರ ಸಿಕ್ಕಿಲ್ಲ.

ಇನ್ನೊಂದು ವಿಷಯ: ಅಥೆನ್ಸಿನವರೇನು ಎಲ್ಲದಕ್ಕೂ ಚೀಟಿ ಎತ್ತುತ್ತಿರಲಿಲ್ಲ. 10 ಸೇನಾಪತಿಗಳನ್ನು ಕೈ ಎತ್ತಿ ಚುನಾಯಿಸುತ್ತಿದ್ದರು, ಮತ್ತೆ ಮತ್ತೆ ಅವರನ್ನೇ ಆರಿಸಬಹುದಿತ್ತು. ಚೀಟಿಯಲ್ಲಿ ಬಂದವರಿಗೆ ಮೊದಲು ಯೋಗ್ಯತೆಯ ವಿಚಾರಣೆ, ಅಧಿಕಾರ ಮುಗಿದ ಮೇಲೆ ಲೆಕ್ಕ ಒಪ್ಪಿಸುವುದು. 500 ಜನರ ಮಂಡಳಿಯಲ್ಲಿ ಜೀವಮಾನದಲ್ಲಿ ಎರಡೇ ವರ್ಷ ಕೂರಬಹುದು. ಸಾಕ್ರಟೀಸ್ ಕೂಡ ಆ ಮಂಡಳಿಗೆ ಚೀಟಿಯಲ್ಲೇ ಬಂದಿದ್ದ! ಕ್ರಿ.ಪೂ. 406ರಲ್ಲಿ ಸಮುದ್ರದ ಕಾಳಗ ಗೆದ್ದು ಬಂದ ಸೇನಾಪತಿಗಳನ್ನು, ಮುಳುಗುತ್ತಿದ್ದವರನ್ನು ಬಿಟ್ಟು ಬಂದಿರಿ ಅಂತ, ಒಟ್ಟಿಗೇ ಒಂದೇ ಮತದಲ್ಲಿ ಸಾವಿಗೆ ಕಳಿಸಲು ಜನ ಹೊರಟಾಗ ಇದು ಕಾನೂನಲ್ಲ ಅಂತ ಗಟ್ಟಿಯಾಗಿ ನಿಂತವನು ಅವನು. ಯಾರೂ ಕೇಳಲಿಲ್ಲ. ಆರು ಜನರನ್ನು ಕೊಂದರು.

ಕಡ್ಡಿ ತೂರಿಸುತ್ತಾ ನನಗೆ ಇಷ್ಟವಾದ ಸಾಲು ಬೇರೆ. ಪೆಟ್ಟಿಗೆಯಿಂದ ಕಡ್ಡಿ ತೆಗೆದು ಕಂಬಕ್ಕೆ ಜೋಡಿಸುವವನನ್ನೂ ಚೀಟಿ ಎತ್ತಿಯೇ ಆರಿಸಬೇಕು, ಒಬ್ಬನೇ ದಿನಾ ಜೋಡಿಸಿದರೆ ಮೋಸ ಮಾಡುತ್ತಾನೆ ಅಂತ ‘ಅಥೆನ್ಸಿನ ಸಂವಿಧಾನ’ ನೇರವಾಗಿ ಹೇಳುತ್ತದೆ. ಜೋಡಿಸಿ ನೋಡಿದರೆ ಗೊತ್ತಾಗುತ್ತದೆ: ಬೇಕಾದ ಐದು ಜನರನ್ನು ಒಂದೇ ಅಡ್ಡಸಾಲಿಗೆ ತರೋದು ತುಂಬಾ ಸುಲಭ. ಆರಿಸಿ ಬಂದವನು ಯಾವ ಕೋರ್ಟಿಗೆ ಅನ್ನೋದು ಮತ್ತೊಂದು ಚೀಟಿ, ಅದೂ ಅದೇ ಬೆಳಿಗ್ಗೆ. ಹಿಂದಿನ ರಾತ್ರಿ ಯಾರಿಗೆ ಲಂಚ ಕೊಡ್ತೀರಿ? ಹಾಗಾಗಿ ಈ ಕಲ್ಲಿಗೆ ಜ್ಞಾನದ ಮೇಲೆ ಏನೂ ಸಿಟ್ಟಿಲ್ಲ ಅನ್ನಿಸುತ್ತದೆ, ಅದರ ಸಂಶಯವೆಲ್ಲ ಕೈಚಳಕದವರ ಮೇಲೆ. ಪ್ಲೇಟೋನ ಜ್ಞಾನಿಯ ಕಥೆಯಲ್ಲಿ ಈ ಭಯಕ್ಕೆ ಉತ್ತರ ಬೇರೆ: ಆಳುವವರಿಗೆ ಸ್ವಂತ ಆಸ್ತಿಯೇ ಬೇಡ ಅನ್ನುತ್ತಾನೆ. ನಾನಾಗಿದ್ದರೆ ಗೋಲಿಯನ್ನೇ ನಂಬುತ್ತಿದ್ದೆ.

ಹಾಗಂತ ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಹೆಂಗಸರಿಗೆ, ಗುಲಾಮರಿಗೆ, ಹೊರಗಿಂದ ಬಂದು ನೆಲೆಸಿದವರಿಗೆ ಪಿನಾಕಿಯನ್ನೇ ಇರಲಿಲ್ಲ.

ಮುಂದಿನ ಕೆಲಸ ಮತ ಹಾಕುವ ಬಿಲ್ಲೆ. ಕಂಚಿನ ಬಿಲ್ಲೆ, ನಡುವೆ ಗಾಡಿ ಚಕ್ರದ್ದರ ಹಾಗೆ ಒಂದು ಸಣ್ಣ ಅಚ್ಚು. ಅಚ್ಚು ಟೊಳ್ಳಾಗಿದ್ದರೆ ದೂರು ಕೊಟ್ಟವನ ಪರ, ಗಟ್ಟಿಯಾಗಿದ್ದರೆ ಆರೋಪಿಯ ಪರ. ಎರಡು ತುದಿಯನ್ನು ಬೆರಳಲ್ಲಿ ಮುಚ್ಚಿ ಹಿಡಿದರೆ ಪಕ್ಕದವನಿಗೆ ಗೊತ್ತಾಗುವುದಿಲ್ಲ. ವಾಷರ್‌ಗೆ ಹಿತ್ತಾಳೆ ನಳಿಗೆ ಬೆಸೆದು ನೋಡಬೇಕು ಅಂತಿದ್ದೇನೆ. ಒಂದೇ ದಪ್ಪದ ಟೊಳ್ಳು ನಳಿಗೆ ಮತ್ತು ಗಟ್ಟಿ ಸರಳು ಎರಡೂ ಸಣ್ಣ ತುಂಡಾಗಿ ಎಲ್ಲಿ ಸಿಗುತ್ತವೆ, ಯಾರಿಗಾದರೂ ಗೊತ್ತಿದ್ದರೆ ಹೇಳಿ.