ತಾರಸಿಯಿಂದ ಶುರುವಾದ ಮಲಗುವ ಕೋಣೆ: ಕಲಬುರಗಿ ಬೇಸಿಗೆಯ ಕೆಲಸದ ದಾಖಲೆ

ಶಿವರಾತ್ರಿ ಕಳೆದ ವಾರ

ಕಲಬುರಗಿಯ ಹಳೆ ಬಡಾವಣೆಯಲ್ಲಿ ನಮ್ಮದು ಎರಡಂತಸ್ತಿನ ಮನೆ. ಕೆಳಗೆ ಅತ್ತೆ, ಮಾವ. ಮೇಲೆ ನಾನು, ನನ್ನ ಯಜಮಾನರು. ಮಲಗುವ ಕೋಣೆಯ ನೆತ್ತಿಗೆ ಬೋಳು ಆರ್‌ಸಿಸಿ ಸ್ಲ್ಯಾಬು, ಒಂದು ಗೋಡೆ ಪೂರ್ತಿ ಪಶ್ಚಿಮಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬಿಸಿಲೇರುವ ಮುಂಚೆ ಕೆಲಸ ಮುಗಿಸುವ ಒಳ್ಳೆಯ ಏರ್ಪಾಡು ಅದು. ಆದರೆ ಅಡುಗೆ ಮುಗಿಸಿ ಎಂಟಕ್ಕೆ ಕಚೇರಿ ಸೇರಬೇಕೆಂದರೆ ಐದಕ್ಕೆ ಏಳಬೇಕು, ಐದಕ್ಕೆ ಏಳಬೇಕೆಂದರೆ ಹತ್ತಕ್ಕಾದರೂ ನಿದ್ದೆ ಹತ್ತಬೇಕು. ಹೋದ ಬೇಸಿಗೆಯಲ್ಲಿ ಅದು ಆಗಲೇ ಇಲ್ಲ. ಈ ಸಲ ಸೆಕೆ ಏರುವ ಮೊದಲೇ ಕೋಣೆಯನ್ನು ಸರಿಮಾಡಲು ಹೊರಟಿದ್ದೇನೆ. ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತ ಹೋಗುತ್ತೇನೆ.

ಮೊದಲ ಖರ್ಚು ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್, ತೇವಾಂಶವನ್ನೂ ತೋರಿಸುವಂಥದ್ದು. ಗುರಿಯಿಟ್ಟರೆ ಗೋಡೆ, ಸೂರಿನ ಬಿಸಿ ಹೇಳುವ ಇನ್‌ಫ್ರಾರೆಡ್ ಗನ್ನನ್ನು ಪರಿಚಯದವರಿಂದ ಕಡ ತಂದೆ. ರಾತ್ರಿ ಹತ್ತಕ್ಕೆ ಅಳೆದರೆ ಹೊರಗೆ 26 ಡಿಗ್ರಿ, ಕೋಣೆಯೊಳಗೆ 31, ಸ್ಲ್ಯಾಬಿನ ಅಡಿಭಾಗ 35. ಸೂರ್ಯ ಮುಳುಗಿ ಮೂರು ತಾಸಾದರೂ ಸೂರು ಕೆಳಗೆ ಕಾವು ಸುರಿಸುತ್ತಲೇ ಇತ್ತು. ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಹೀರಿ ಒಳಗಿಟ್ಟುಕೊಳ್ಳುತ್ತದೆ. ಆ ಬಿಸಿ ಸ್ಲ್ಯಾಬಿನ ದಪ್ಪವನ್ನು ದಾಟಿ ಕೆಳಗಿಳಿಯಲು ಕೆಲವು ತಾಸು ಬೇಕು. ನಾವು ಮಲಗುವ ಹೊತ್ತಿಗೆ ಸರಿಯಾಗಿ ಅದು ಕೋಣೆಗೆ ಬಂದಿರುತ್ತದೆ.

ನಿದ್ದೆಗೂ ಬಿಸಿಗೂ ಇರುವ ನಂಟು ನೇರವಾದದ್ದು. ನಿದ್ದೆ ಹತ್ತುವ ಹೊತ್ತಿಗೆ ಮೈಯೊಳಗಿನ ಉಷ್ಣತೆ ಇಳಿಯಲು ಶುರುವಾಗುತ್ತದೆ, ರಾತ್ರಿ ಕಳೆಯುವುದರೊಳಗೆ ಸುಮಾರು ಒಂದು ಡಿಗ್ರಿ ಕೆಳಗೆ ಹೋಗುತ್ತದೆ. ಅದಕ್ಕಾಗಿ ಅಂಗೈ, ಅಂಗಾಲಿನ ರಕ್ತನಾಳಗಳು ಹಿಗ್ಗಿ ಬಿಸಿಯನ್ನು ಹೊರಗೆ ಚೆಲ್ಲುತ್ತವೆ. ಸುತ್ತಲಿನ ಗಾಳಿಯೇ ಚರ್ಮದಷ್ಟು ಬಿಸಿಯಾಗಿದ್ದರೆ ಚೆಲ್ಲುವುದಾದರೂ ಎಲ್ಲಿಗೆ? ಹೀಗಾಗಿ ಹಾಸಿಗೆ, ಪರದೆ ಎಲ್ಲ ಆಮೇಲೆ. ಮೊದಲು ತಾರಸಿ.

ಹೋಳಿ ಹೊತ್ತಿಗೆ

ತಾರಸಿಗೆ ಸುಣ್ಣ ಹೊಡೆಸಿಯಾಯಿತು. ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಪೇಂಟು ಹೆಚ್ಚು ಬಾಳಿಕೆ ಬರುತ್ತದೆ, ದುಬಾರಿ. ಒಡೆದ ಬಿಳಿ ಟೈಲ್ಸ್ ಕೂರಿಸಿದರೆ ವರ್ಷಗಟ್ಟಲೆ ಚಿಂತೆಯಿಲ್ಲ, ಅದು ಇನ್ನೂ ದುಬಾರಿ. ಕೆಲಸ ಆಗುತ್ತದೋ ಇಲ್ಲವೋ ನೋಡಲು ಸುಣ್ಣವೇ ಸಾಕು ಅನ್ನಿಸಿತು.

ತಂತಿ ಬ್ರಷ್ಷಿನಿಂದ ಹಳೆ ಪಾಚಿಯ ಕಪ್ಪನ್ನು ಉಜ್ಜಿ, ಬಿರುಕುಗಳಿಗೆ ಸಿಮೆಂಟು ತುಂಬಿದೆವು. ಸುಣ್ಣದ ಹರಳನ್ನು ಡ್ರಮ್ಮಿಗೆ ಹಾಕಿ ನೀರು ಬಿಟ್ಟದ್ದೇ ತಡ, ಹರಳು ಸಿಡಿದು, ಬುಸುಗುಟ್ಟಿ, ಇಡೀ ಡ್ರಮ್ಮು ಕೊತಕೊತ ಕುದಿಯಿತು. ಹೊರಗಿನ ತಗಡನ್ನು ಮುಟ್ಟಲಾಗದಷ್ಟು ಕಾವು. ಈ ಕೆಲಸ ಮಾಡುವವರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲೇಬೇಕು. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ನಾನು ಅವಸರ ಮಾಡಿದ್ದಕ್ಕೆ ಸುಣ್ಣ ಹೊಡೆಯುವವರು, "ಇವತ್ತ ನೆನೀಲಿ ಅಕ್ಕಾರ, ನಾಳಿ ಹೊಡಿಯೋಣ" ಅಂದರು. ಮರುದಿನ ಹಳೆ ಧೋತರದಲ್ಲಿ ಸೋಸಿ, ಅಂಟು ಬೆರೆಸಿ, ನೆಲಕ್ಕೆ ನೀರು ಚಿಮುಕಿಸಿ, ತೆಳ್ಳಗೆ ಮೂರು ಕೈ ಹೊಡೆದರು. ಎಲ್ಲ ಇಳಿಬಿಸಿಲಿನಲ್ಲೇ. ಕಾದ ಕಾಂಕ್ರೀಟಿನ ಮೇಲೆ ಹೊಡೆದರೆ ಸುಣ್ಣ ಹಿಡಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ಬಿಳುಪು ಎದ್ದು ಕಾಣಲಿ ಅಂತ ನೀಲಿ ಬೆರೆಸುವ ರೂಢಿಯಿದೆ, ನಾನು ಬೇಡವೆಂದೆ. ನೀಲಿ ಕೂಡ ಒಂದಿಷ್ಟು ಬೆಳಕನ್ನು ಹೀರುತ್ತದೆ.

ಮೆಟ್ಟಿಲ ಕೋಣೆಯ ಮೇಲಿನ ತುಂಡು ಜಾಗವನ್ನು ಹೋಲಿಸಿ ನೋಡಲೆಂದು ಹಾಗೇ ಬಿಡಿಸಿದ್ದೆ. ಮಧ್ಯಾಹ್ನ ಎರಡಕ್ಕೆ ಗನ್ ಹಿಡಿದರೆ ಬೋಳು ಕಾಂಕ್ರೀಟು 58, ಸುಣ್ಣ ಹೊಡೆದ ಜಾಗ 43. ರಾತ್ರಿ ಹತ್ತಕ್ಕೆ ಕೋಣೆಯ ಸೂರು 33. ಹೊರಗಿನ ಸೆಕೆ ಫೆಬ್ರುವರಿಗಿಂತ ಏರಿದ್ದರೂ ಸೂರು ಅಂದಿಗಿಂತ ತಂಪಾಗಿತ್ತು! ಪಕ್ಕದ ತೆಲಂಗಾಣ 2023ರಲ್ಲಿ ಇಂಥ ತಂಪು ಛಾವಣಿಗಳಿಗಾಗಿಯೇ ಒಂದು ನೀತಿ ತಂದಿದೆ. ಕಲ್ಯಾಣ ಕರ್ನಾಟಕದ ಊರುಗಳಿಗೂ ಅದು ಬೇಕು. ತಗಡಿನ ಮನೆಗಳಲ್ಲಿ ಮಲಗುವವರಿಗಂತೂ ನಾಳೆಯೇ ಬೇಕು.

ಅತ್ತೆಗೆ ಇದೆಲ್ಲ ಹೊಸದೇನಲ್ಲ. "ನಾವು ಸಂಜಿಕಿ ಛತ್ತಿಗಿ ನೀರ ಹೊಡ್ದು ರಾತ್ರಿ ಅಲ್ಲೇ ಮಕ್ಕೋತಿದ್ವಿ" ಅನ್ನುತ್ತಾರೆ. ಅವರ ಲೆಕ್ಕ ಸರಿ: ಮೋಡವಿಲ್ಲದ ರಾತ್ರಿ ತಾರಸಿ ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಬಿಡುತ್ತದೆ. ಆದರೆ ನೀರು ಹೊಡೆಯಲು ಈಗ ನೀರೆಲ್ಲಿದೆ? ನಲ್ಲಿ ನೀರು ಬರುವ ದಿನ ಕೊಡ ತುಂಬಿಸುವುದೇ ದೊಡ್ಡ ಕೆಲಸ.

ಯುಗಾದಿ

ಪಶ್ಚಿಮದ ಗೋಡೆ ಮತ್ತು ಕಿಟಕಿ. ಮಂಚದ ತಲೆದಿಂಬು ಇದ್ದದ್ದು ಅದೇ ಗೋಡೆಗೆ. ರಾತ್ರಿ ಅಂಗೈ ಇಟ್ಟರೆ ಬೆಚ್ಚಗೆ ತಾಕುತ್ತಿತ್ತು. ಮಂಚವನ್ನು ಉತ್ತರದ ಗೋಡೆಗೆ ಗೇಣಷ್ಟು ಬಿಟ್ಟು ಸರಿಸಿದೆವು. ಆದರೆ ತಲೆ ಉತ್ತರಕ್ಕೆ ಬರಬಾರದೆಂದು ಅತ್ತೆ ಹೇಳಿದ್ದರಿಂದ ತಲೆದಿಂಬು ಪೂರ್ವಕ್ಕೆ. ಗಾಳಿಯ ದಾರಿಗೂ ಅದೇ ಅನುಕೂಲವಾಯಿತು.

ಕಿಟಕಿಯ ಹೊರಗಡೆ ಚಿಕ್, ಅಂದರೆ ಬಿದಿರು ಕಡ್ಡಿಗಳ ಪರದೆ, ಇಳಿಬಿಟ್ಟಿದ್ದೇವೆ. ಒಳಗಿನ ದಪ್ಪ ಪರದೆಗಿಂತ ಇದು ಎಷ್ಟೋ ಮೇಲು. ಪರದೆಗೆ ಬಿಸಿಲು ತಾಕುವ ಹೊತ್ತಿಗೆ ಅದು ಗಾಜು ದಾಟಿ ಕೋಣೆಯೊಳಗೆ ಬಂದಾಗಿರುತ್ತದೆ. ಚಿಕ್ ಅದನ್ನು ಬಾಗಿಲಾಚೆಯೇ ತಡೆಯುತ್ತದೆ. ಬೆಳಿಗ್ಗೆ ಕಚೇರಿಗೆ ಹೊರಡುವಾಗ ಕಿಟಕಿ ಮುಚ್ಚಿ ಚಿಕ್ ಇಳಿಸುವುದು, ರಾತ್ರಿ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆ ಎರಡೂ ತೆರೆಯುವುದು ಈಗ ದಿನಚರಿ. ತೆರೆಯುವ ಹೊತ್ತನ್ನು ಗಡಿಯಾರ ಹೇಳುವುದಿಲ್ಲ, ಥರ್ಮಾಮೀಟರೇ ಹೇಳಬೇಕು.

ಕೆಳಗಿನ ಮನೆಗೂ ನಮ್ಮ ಕೋಣೆಗೂ ಒಂದೇ ಶಹಾಬಾದ್ ಕಲ್ಲಿನ ನೆಲ. ಕೆಳಗೆ ಅದು ಮಣ್ಣಿನ ಮೇಲಿದೆ, ಮಧ್ಯಾಹ್ನವೂ ತಣ್ಣಗಿರುತ್ತದೆ. ಮೇಲೆ ಅದೇ ಕಲ್ಲು ರಾತ್ರಿಯೂ ಬೆಚ್ಚಗೆ.

ಏಪ್ರಿಲ್

ಹೊರಗೆ 41. ಈಗ ಗಾಳಿಯ ಪಾಳಿ.

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಬೇಗ ಆರಿಸುತ್ತದೆ ಅಷ್ಟೇ. ಸೂರಿನ ಕೆಳಗೆ ನಿಂತ ಬಿಸಿಗಾಳಿಯನ್ನು ಸೀಲಿಂಗ್ ಫ್ಯಾನು ನಮ್ಮ ಮೇಲೆಯೇ ತಳ್ಳುತ್ತದೆ. ಅದಕ್ಕೆ ಗೋಡೆಯ ಮೇಲ್ಭಾಗದ ಗವಾಕ್ಷಿಗೆ ಎಕ್ಸಾಸ್ಟ್ ಫ್ಯಾನು ಕೂರಿಸಿದೆ. ಮಲಗುವ ಮೊದಲು ಒಂದು ತಾಸು ಅದನ್ನು ಓಡಿಸಿ ಪೂರ್ವದ ಕಿಟಕಿ ತೆರೆದರೆ ಮೇಲಿನ ಬಿಸಿ ಹೊರಬಿದ್ದು ಹೊರಗಿನ ಗಾಳಿ ಒಳಬರುತ್ತದೆ. ಸೀಲಿಂಗ್ ಫ್ಯಾನನ್ನೂ ಬದಲಿಸಿ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟು ಎಳೆಯುವ ಮೋಟಾರಿನ ಫ್ಯಾನು, ಹಾಕಿಸಿದೆವು. ಹಳೆಯದು 75 ವ್ಯಾಟ್ ಎಳೆಯುತ್ತಿತ್ತು, ಇದಕ್ಕೆ 30ರ ಆಸುಪಾಸು ಸಾಕು. ರಾತ್ರಿ ಕರೆಂಟು ಹೋದಾಗ ಇನ್ವರ್ಟರ್ ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ತಾಳುತ್ತದೆ. ಇದು ನನಗೆ ಬಿಲ್ಲಿಗಿಂತ ದೊಡ್ಡ ಲಾಭ.

ಕೂಲರ್ ಬಗ್ಗೆ ಒಂದು ಮಾತು. ನಮ್ಮ ಏಪ್ರಿಲ್ ಒಣ. ಮಧ್ಯಾಹ್ನದ ತೇವಾಂಶ ಶೇಕಡಾ 20–25ಕ್ಕೆ ಇಳಿಯುತ್ತದೆ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರುವುದರಿಂದ ಇಂಥ ಒಣಹವೆಯಲ್ಲಿ ಕೂಲರ್ ಸೊಗಸಾಗಿ ಕೆಲಸ ಮಾಡುತ್ತದೆ. ಆದರೆ ಅದನ್ನು ಕಿಟಕಿಯಲ್ಲಿಟ್ಟು, ಎದುರಿನ ಕಿಟಕಿ ತೆರೆದಿರಬೇಕು. ಬಾಗಿಲು, ಕಿಟಕಿ ಜಡಿದು ಕೋಣೆಯ ನಡುವೆ ಇಟ್ಟರೆ ಒಂದು ತಾಸಿನಲ್ಲಿ ತೇವಾಂಶ 70 ದಾಟಿ, ಬೆವರೇ ಆರದೆ, ಹಾಸಿಗೆ ಅಂಟಂಟಾಗುತ್ತದೆ. ಕರಾವಳಿಯಲ್ಲಿರುವ ಓದುಗರು ಇದನ್ನು ಕೊಳ್ಳುವ ಯೋಚನೆ ಬಿಡುವುದು ಒಳ್ಳೆಯದು.

ತಾರಸಿಯ ಟ್ಯಾಂಕಿನ ನೀರು ಸಂಜೆ ಕಾಯಿಸದೆಯೇ ಉಗುರುಬೆಚ್ಚಗಿರುತ್ತದೆ. ಮಲಗುವ ಒಂದು ತಾಸು ಮೊದಲು ಅದರಲ್ಲೇ ಸ್ನಾನ. ಬೆಚ್ಚನೆ ನೀರು ಚರ್ಮಕ್ಕೆ ರಕ್ತವನ್ನು ತರುತ್ತದೆ, ಆಮೇಲೆ ಫ್ಯಾನಿನ ಕೆಳಗೆ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ.

ಬಸವ ಜಯಂತಿ ಹೊತ್ತಿಗೆ

ಹಾಸಿಗೆ. ಮೆಮೊರಿ ಫೋಮ್ ಮೈಯ ಆಕಾರಕ್ಕೆ ಇಳಿದು ಸುತ್ತುವರಿಯುತ್ತದೆ. ಆ ಭಾಗದಲ್ಲಿ ಗಾಳಿ ಆಡದೆ ಬೆನ್ನು ಬೇಯುತ್ತದೆ. ಅದನ್ನು ಅತಿಥಿಗಳ ಕೋಣೆಗೆ ಹಾಕಿ, ಅಟ್ಟದ ಮೇಲಿದ್ದ ಹತ್ತಿ ಗಾದಿಯನ್ನು ಹಿಂಜಿಸಿ ತಂದೆವು. ಗಂಟುಗಟ್ಟಿದ್ದ ಹತ್ತಿ ಹಿಂಜಿದ ಮೇಲೆ ಎರಡು ಪಟ್ಟು ಉಬ್ಬಿತು.

ಅದರ ಮೇಲೆ ಅತ್ತೆ ಹೊಲಿದ ಕೌದಿ. ಹಳೆ ಇಳಕಲ್ ಸೀರೆ, ಮಾವನವರ ಧೋತರ, ಪದರದ ಮೇಲೆ ಪದರ. ಅಂಚಿನಿಂದ ಶುರುವಾದ ಕೈಹೊಲಿಗೆ ಚೌಕಾಕಾರವಾಗಿ ಸುತ್ತುತ್ತ ನಡುವಿನವರೆಗೆ ಹೋಗಿದೆ. ಸಾಲಿಗೂ ಸಾಲಿಗೂ ಬೆರಳಗಲ ಅಂತರ, ಆ ಸಾಲುಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬಿ ನಿಂತಿದೆ. ಮೈ ಪೂರ್ತಿ ಅಂಟದೆ ಉಬ್ಬಿನ ಮೇಲಷ್ಟೇ ತಾಕುವುದರಿಂದ ಕೆಳಗೆ ಗಾಳಿಗೆ ಜಾಗ ಉಳಿಯುತ್ತದೆ. ಎಷ್ಟೋ ಸಲ ಒಗೆದ ಹತ್ತಿ ಬೆವರನ್ನು ಕ್ಷಣದಲ್ಲಿ ಹೀರುತ್ತದೆ. ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಹಾಸು ನಾನು ಕಂಡಿಲ್ಲ.

ಮೇ ನಡುವೆ

ಬೆಳಕು. ಕೋಣೆಯಲ್ಲಿ ಇದ್ದದ್ದು 6500 ಕೆಲ್ವಿನ್‌ನ ಬೆಳ್ಳನೆ ಟ್ಯೂಬ್‌ಲೈಟು. ಕಣ್ಣಿನ ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ಬೆಳಕು ಹಿಡಿಯುವ ವಸ್ತು ಇರುವ ಕೆಲವು ಕೋಶಗಳಿವೆ. ಸುಮಾರು 480 ನ್ಯಾನೊಮೀಟರಿನ ನೀಲಿ ಬೆಳಕು ಬಿದ್ದರೆ ಅವು ಮಿದುಳಿಗೆ ಇನ್ನೂ ಹಗಲಿದೆ ಎಂಬ ಸುದ್ದಿ ಕಳಿಸಿ ನಿದ್ದೆಯ ಹೊತ್ತನ್ನು ಮೈಗೆ ತಿಳಿಸುವ ಮೆಲಟೋನಿನ್ ಹಾರ್ಮೋನು ಸ್ರವಿಸುವುದನ್ನು ತಗ್ಗಿಸುತ್ತವೆ. ಈಗ ರಾತ್ರಿ ಎಂಟರ ಮೇಲೆ 2700 ಕೆಲ್ವಿನ್‌ನ ಹಳದಿ ಬಲ್ಬು ಮಾತ್ರ, ಅದೂ ಮೊಣಕಾಲೆತ್ತರದ ಮೂಲೆಯಲ್ಲಿ. ಇನ್ವರ್ಟರಿನ ನೀಲಿ ದೀಪಕ್ಕೆ ಕಪ್ಪು ಟೇಪು.

ಬೀದಿದೀಪ ದೊಡ್ಡ ತಲೆನೋವಾಗಿತ್ತು. ದಪ್ಪ ಪರದೆ ಎಳೆದರೆ ಕತ್ತಲಾಗುತ್ತದೆ, ಗಾಳಿಯೂ ನಿಲ್ಲುತ್ತದೆ. ಇದರ ಬಗ್ಗೆ ಸಲಹೆ ಕೊಡುವ ಹೆಚ್ಚಿನವರು ಎಸಿ ಕೋಣೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. ನಮಗೆ ಕತ್ತಲೂ ಬೇಕು, ಗಾಳಿಯೂ ಬೇಕು. ಚಿಕ್ಕಿನ ಕೆಳತುದಿಯನ್ನು ಕೋಲು ಕೊಟ್ಟು ಒಂದು ಅಡಿ ಹೊರಗೆ ಚಾಚಿಸಿ ನಿಲ್ಲಿಸಿದೆವು. ಮೇಲಿನಿಂದ ಬೀಳುವ ಬೆಳಕು ಚಿಕ್ಕಿಗೆ ತಾಕಿ ನಿಲ್ಲುತ್ತದೆ, ಕೆಳಗಿನ ಸಂದಿನಿಂದ ಗಾಳಿ ಬರುತ್ತದೆ. ಒಳಗೆ ಸೊಳ್ಳೆ ಜಾಲರಿ ಇದ್ದೇ ಇದೆ.

ಸದ್ದಿನ ವಿಷಯದಲ್ಲಿ ನನ್ನ ಕೈಲಾದದ್ದು ಕಡಿಮೆ. ಕೂಲರ್ ಸ್ಟ್ಯಾಂಡಿನ ಕಾಲಿಗೆ ರಬ್ಬರು, ಅಲುಗಾಡುವ ಕಿಟಕಿ ಚಿಲಕಕ್ಕೆ ಫೆಲ್ಟು. ಏಕನಾದದ ಫ್ಯಾನಿನ ಸದ್ದು ನಿದ್ದೆ ಕೆಡಿಸುವುದಿಲ್ಲ. ತಟ್ಟನೆ ಏಳುವ ಸದ್ದು ಕೆಡಿಸುತ್ತದೆ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಮದುವೆ ಮೆರವಣಿಗೆಯ ಡಿಜೆ ಈ ಮಿತಿಯನ್ನು ಬೀದಿ ತುದಿಯಲ್ಲೇ ಮೀರುತ್ತದೆ. ಓಣಿಯ ಹಿರಿಯರೊಂದಿಗೆ ಮಾತಾಡಿ, ಹತ್ತರ ಮೇಲೆ ಡಿಜೆ ಬೇಡವೆಂದು ಕಲ್ಯಾಣ ಮಂಟಪದವರನ್ನು ಕೇಳಿಕೊಂಡಿದ್ದೇವೆ. ಮಕ್ಕಳು, ಮುದುಕರು, ಪಾಳಿ ಕೆಲಸದವರು ಎಲ್ಲರೂ ಇರುವ ಓಣಿ ಇದು.

ಮೃಗಶಿರ ಮಳೆಗೆ ಮುಂಚೆ

ಕಡು ಬೇಸಿಗೆಯ ರಾತ್ರಿಗಳಲ್ಲೂ ಹತ್ತು ಗಂಟೆಗೆ ಕೋಣೆ 32ರ ಆಸುಪಾಸು ಇತ್ತು, ಎರಡರ ಹೊತ್ತಿಗೆ 29. ಹೋದ ವರ್ಷ ಬೆಳಗಿನ ಜಾವದಲ್ಲಷ್ಟೇ ಬರುತ್ತಿದ್ದ ಗಾಢ ನಿದ್ದೆ ಈಗ ಮೊದಲ ಜಾವದಲ್ಲೇ ಬರುತ್ತಿದೆ. ಯಜಮಾನರು ಹಾಸಿಗೆ ಬಿಟ್ಟು ಕೆಳಗೆ ಹೋಗಿ ಮಲಗುವುದು ನಿಂತಿದೆ.

ಎಸಿ ಬೇಡವೆಂಬ ಹಟ ನನಗಿಲ್ಲ. ವಯಸ್ಸಾದವರು, ಬಾಣಂತಿ, ಕಾಯಿಲೆಯವರು ಇರುವ ಮನೆಗೆ 43, 44 ಡಿಗ್ರಿಯ ದಿನಗಳಲ್ಲಿ ಅದು ಬೇಕೇ ಬೇಕು. 2020ರಿಂದ ಸ್ಟಾರ್ ರೇಟಿಂಗ್ ಇರುವ ಎಸಿಗಳು ಆನ್ ಮಾಡಿದೊಡನೆ 24ಕ್ಕೆ ನಿಲ್ಲಬೇಕೆಂಬ ನಿಯಮವಿದೆ. ಸೂರು ತಂಪಾಗಿದ್ದು ಫ್ಯಾನೂ ತಿರುಗುತ್ತಿದ್ದರೆ 27 ಸಾಕು. ಮುಂದೆ ಕೊಂಡರೂ ಸುಣ್ಣದ ಕೆಲಸ ವ್ಯರ್ಥವಾಗುವುದಿಲ್ಲ, ಚಿಕ್ಕ ಎಸಿಯಲ್ಲೇ ಮುಗಿಯುತ್ತದೆ.

ಉಳಿದಿರುವುದು: ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಹೀಗಾಗಿ ದೀಪಾವಳಿ ಕಳೆದ ಮೇಲೆ ಬಿಳಿ ಟೈಲ್ಸ್ ತುಂಡುಗಳನ್ನು ಕೂರಿಸಲು ಗೌಂಡಿಯವರನ್ನು ಕೇಳಿದ್ದೇನೆ. ಟೈಲ್ಸ್ ಅಂಗಡಿಗಳಲ್ಲಿ ಒಡೆದ ತುಂಡುಗಳು ಅಗ್ಗಕ್ಕೆ ಸಿಗುತ್ತವೆ, ಈಗಿನಿಂದಲೇ ಚೀಲದಲ್ಲಿ ಕೂಡಿಡುತ್ತಿದ್ದೇವೆ. ಪಶ್ಚಿಮದ ಗೋಡೆಯ ಹೊರಗೆ ಒಂದು ಬೇವಿನ ಸಸಿ ನೆಡಬೇಕು, ಗುಂಡಿ ತೋಡಿಯಾಗಿದೆ. ಮಳೆಗಾಲದಲ್ಲಿ ತೇವಾಂಶ ಏರಿದಾಗ ಗಾದಿ ಹೇಗಿರುತ್ತದೆಂದು ಆಗಸ್ಟ್ ಹೊತ್ತಿಗೆ ಬರೆಯುತ್ತೇನೆ.