ಹಿಂದಕ್ಕೆ ವಾಲಿ ಅಕ್ಕಾ

ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆಯವಳು ನಾನು. ಆದರೂ ಎತ್ತರ ಅಂದರೆ ನನಗೆ ಭಯ. ಇದನ್ನು ಹೇಳಿದರೆ ಹೊರಗಿನವರು ನಗುತ್ತಾರೆ. ಸುತ್ತ ಐವತ್ತು, ಅರವತ್ತು ಅಡಿಯ ಮರಗಳೇ ಇರುವುದು ಹೌದು. ಆದರೆ ಹತ್ತುವವರು ಬೇರೆ, ಹೆಕ್ಕುವವರು ಬೇರೆ ಅಲ್ವಾ? ನಾನು ಹೆಕ್ಕುವವರ ಪೈಕಿ.

ನಮ್ಮಲ್ಲಿಗೆ ಮದ್ದು ಬಿಡಲು, ಗೊನೆ ತೆಗೆಯಲು ಒಬ್ಬ ಅಣ್ಣ ಬರುತ್ತಾರೆ. ಅವರ ಮಗ ಕಾಲೇಜು ಮುಗಿಸಿ, ಬಂಡೆಗಳ ಮೇಲಿಂದ ಜನರನ್ನು ಹಗ್ಗದಲ್ಲಿ ಇಳಿಸುವ ತಂಡವೊಂದಕ್ಕೆ ಸೇರಿದ. ರಾಪ್ಪೆಲಿಂಗ್ ಅಂತೆ. ಅಣ್ಣನಿಗೆ ಇದು ತಲೆಗೇ ಹೋಗಲಿಲ್ಲ. "ಹತ್ತಿದ್ದಕ್ಕೆ ಕೂಲಿ ಕೊಡುವುದು ಸರಿ. ಇಳಿಯಲಿಕ್ಕೆ ಜನ ಅವರೇ ದುಡ್ಡು ಕೊಡುವುದಾ?" ಮಗ ಕೊನೆಗೆ, "ನೀವೇ ಬಂದು ನೋಡಿ. ಅಕ್ಕನನ್ನೂ ಕರ್ಕೊಂಡು ಬನ್ನಿ" ಎಂದ. ನನ್ನ ತಮ್ಮ ಅಷ್ಟಕ್ಕೇ ಜೀಪು ಗೊತ್ತು ಮಾಡಿಬಿಟ್ಟ. ನನ್ನನ್ನು ಕೇಳಿದವರಿಲ್ಲ.

ಮಳೆ ಹಿಂದೆ ಸರಿದಿದ್ದ ಅಕ್ಟೋಬರ್. ಮಲೆನಾಡು ಹೆದ್ದಾರಿ ಹಿಡಿದು ಮುಳ್ಳೇರಿಯ, ಬಂದಡ್ಕ ದಾಟಿ ಕೋಳಿಚ್ಚಾಲಿಗೆ ಹೋದೆವು. ಹೋದ ಹಾಗೆ ಅಡಿಕೆ ಕಡಿಮೆ, ರಬ್ಬರ್ ಜಾಸ್ತಿ. ಅಂಗಡಿ ಬೋರ್ಡುಗಳಲ್ಲಿ ಕನ್ನಡವೂ ಕಡಿಮೆ. ಅಲ್ಲಿಂದ ಪನತ್ತಡಿ, ಮತ್ತೆ ಏರು ರಸ್ತೆ, ರಾಣಿಪುರಂ. ಮೊದಲು ಇದು ಮಾಡತ್ತುಮಲ. 1970ರ ಹೊತ್ತಿಗೆ ಕೋಟ್ಟಯಂನ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಇಲ್ಲಿ ಜಾಗ ಕೊಂಡು ವಲಸೆ ಬಂದ ರೈತರನ್ನು ಕೂರಿಸಿತು. ರಾಣಿ ಎಂದು ಕರೆಯುವ ಮೇರಿ ಮಾತೆಯ ನೆನಪಿಗೆ ರಾಣಿಪುರಂ ಎಂದಾಯಿತು. ಬೆಳಿಗ್ಗೆ ಎಲ್ಲರಂತೆ ಟಿಕೆಟ್ ತೆಗೆದು ಗುಡ್ಡ ಹತ್ತಿ ಇಳಿದೆವು. ಸಾವಿರ ಮೀಟರ್ ಮೀರಿದ ತುದಿ. ಮೇಲೆ ಬರೀ ಹುಲ್ಲು, ಆಚೆ ಬದಿಗೆ ತಲಕಾವೇರಿ ಕಡೆಯ ಕಾಡು. ಚೆಂದವಿತ್ತು. ಆದರೆ ಮಧ್ಯಾಹ್ನದ ಯೋಚನೆಯಲ್ಲಿ ನನಗೆ ಏನೂ ಸರಿಯಾಗಿ ಕಾಣಲಿಲ್ಲ.

ಹಗ್ಗದ ಜಾಗ ಗುಡ್ಡದಲ್ಲಿ ಅಲ್ಲ. ಕೆಳಗೆ ಖಾಸಗಿ ತೋಟವೊಂದರ ಅಂಚಿನಲ್ಲಿ ಕಾಡು ಶುರುವಾಗುವ ಕಡೆ ಒಂದು ತೋಡು ಬಂಡೆಯಿಂದ ಬೀಳುತ್ತದೆ. ಎಂಬತ್ತು ಅಡಿ ಇರಬಹುದು. ಹೊರಗೆ ಉರಿಬಿಸಿಲು, ಒಳಗೆ ಸಂಜೆಯ ಮಬ್ಬು. ಜೀರುಂಡೆಗಳ ಸದ್ದಿಗೆ ಮಾತು ಕೇಳುವುದಿಲ್ಲ. ಇಂಬಳಗಳು ಕಾದೇ ಕೂತಿದ್ದವು. ಅಣ್ಣ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಎಲ್ಲರ ಪಾದಕ್ಕೂ ಸವರಿದರು.

ಮಗ ಒಂದೊಂದೇ ಸಾಮಾನು ತೋರಿಸಿದ. ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ. ಎಂಟರ ಆಕಾರದ ಲೋಹದ ಬಳೆ. ಹಗ್ಗ ಇದರೊಳಗೆ ಸುತ್ತಿ ಉಜ್ಜಿಕೊಂಡು ಹೋಗುವುದರಿಂದಲೇ ನಾವು ದೊಪ್ಪೆಂದು ಬೀಳುವುದಿಲ್ಲ. ಬಲಗೈಯಲ್ಲಿ ಹಗ್ಗವನ್ನು ಸೊಂಟದ ಹಿಂದಕ್ಕೆ ಎಳೆದರೆ ಬ್ರೇಕ್. ನಾವು ಕೈಬಿಟ್ಟರೂ ಕೆಳಗೆ ನಿಂತವನು ಹಗ್ಗ ಜಗ್ಗಿದರೆ ನಿಂತುಬಿಡುತ್ತೇವೆ. ಮೇಲೆ ಹಗ್ಗವನ್ನು ಎರಡು ಬೇರೆ ಬೇರೆ ಮರಕ್ಕೆ ಕಟ್ಟಿದ್ದರು, ಒಂದು ಬಿಟ್ಟುಕೊಂಡರೆ ಇನ್ನೊಂದು ಇರಲಿ ಎಂದು. ಕೊಕ್ಕೆಯ ಮೇಲೆ 22 ಕಿಲೋನ್ಯೂಟನ್ ಎಂದು ಕೊರೆದಿತ್ತು. "ಎರಡು ಟನ್ನಿಗಿಂತ ಜಾಸ್ತಿ ತಡೀತದೆ" ಎಂದ. ಅಣ್ಣ ನನ್ನನ್ನೊಮ್ಮೆ ನೋಡಿ, "ಹಾಗಾದರೆ ಸಾಕಾದೀತು" ಎಂದರು.

ಅಂಚಿನವರೆಗೆ ಹೋದದ್ದು ಮರ್ಯಾದೆಯ ಪ್ರಶ್ನೆಗೆ. ತಮ್ಮ ಆಗಲೇ ಇಳಿದು ಕೆಳಗಿಂದ ಕೂಗುತ್ತಿದ್ದ. ಬಂಡೆಗೆ ಮುಖ ಮಾಡಿ, ಪ್ರಪಾತಕ್ಕೆ ಬೆನ್ನು ಹಾಕಿ ನಿಂತೆ.

"ಹಿಂದಕ್ಕೆ ವಾಲಿ ಅಕ್ಕಾ."

ವಾಲುವುದಾ? ಕುರ್ಚಿಯಲ್ಲಿ ಕೂರುವಾಗಲೂ ಒಮ್ಮೆ ಹಿಂದೆ ಮುಟ್ಟಿ ನೋಡುವವಳು ನಾನು. ಇಡೀ ಮೈ ಮುಂದಕ್ಕೆ ಬಾಗಿ ಬಂಡೆಯನ್ನು ತಬ್ಬಲು ನೋಡುತ್ತದೆ. ಆದರೆ ಹಾಗೆ ತಬ್ಬಿದರೇ ಜಾರುವುದಂತೆ. ನೆಟ್ಟಗೆ ನಿಂತರೆ ಪಾದ ಕೆಳಕ್ಕೆ ಸರಿಯುತ್ತದೆ. ಹಿಂದಕ್ಕೆ ವಾಲಿದಷ್ಟೂ ಪಾದ ಬಂಡೆಯನ್ನು ಒತ್ತುತ್ತದೆ, ಹಿಡಿತ ಸಿಗುತ್ತದೆ. ತಲೆಗೆ ಅರ್ಥವಾಯಿತು. ಮೊಣಕಾಲಿಗೆ ಆಗಲಿಲ್ಲ, ಅದು ಅದರಷ್ಟಕ್ಕೆ ನಡುಗುತ್ತಿತ್ತು. ತಂಡದ ಇನ್ನೊಬ್ಬ ಹುಡುಗ ಮಲಯಾಳದಲ್ಲಿ "ಪೇಡಿಕ್ಕೇಂಡ ಚೇಚ್ಚಿ" ಎಂದ, ಹೆದರಬೇಡಿ ಅಕ್ಕಾ ಎಂದು. ಇವರಿಗೆಲ್ಲ ಹೇಳುವುದು ಸುಲಭ. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ಕಾಲೇಜು ಹುಡುಗಿಯರು ಫೋನ್ ತೆಗೆದದ್ದು ಓರೆಗಣ್ಣಿಗೆ ಕಂಡಿತು. ವಿಡಿಯೋದಲ್ಲಿ ಅಳುವುದು ಬೇಡ ಎಂದೇ ವಾಲಿದೆ. ಧೈರ್ಯ ಎಂದು ಯಾರೂ ತಿಳಿಯಬೇಡಿ.

ಸೊಂಟದ ಪಟ್ಟಿ ಬಿಗಿಯಿತು. ಹಗ್ಗ ಟಕ್ ಎಂದು ಎಳೆದು ನಿಂತಿತು. ಅಷ್ಟೇ. ನಾನು ಬೀಳಲಿಲ್ಲ. ಆಮೇಲಿನದ್ದು ಹೇಳುವಷ್ಟು ಏನೂ ಇಲ್ಲ, ಹಿಮ್ಮುಖವಾಗಿ ಗೋಡೆ ಇಳಿದ ಹಾಗೆ. ಅರ್ಧದಲ್ಲಿ ತೋಡಿನ ನೀರು ಮುಖಕ್ಕೆ ರಾಚಿತು. ಪಾಚಿಯಲ್ಲಿ ಒಂದು ಕಾಲು ಜಾರಿ ಭುಜ ಬಂಡೆಗೆ ತಾಗಿತು. ಕೆಳಗೆ ಬಂದು ನೋಡಿದರೆ ಅಂಗೈ ಕೆಂಪು. ಹಗ್ಗವನ್ನು ಕೊಲ್ಲುವ ಹಾಗೆ ಹಿಡಿದಿದ್ದೆ.

ಆಮೇಲೆ ಅಣ್ಣನ ಸರದಿ. ಅವರದ್ದು ಎರಡು ನಿಮಿಷದ ಕೆಲಸ ಎಂದುಕೊಂಡಿದ್ದೆವು. ಕಾಲಿಗೊಂದು ತಳೆ, ಅಂದರೆ ಬಳೆಯಂಥ ಕುಣಿಕೆ, ಸಿಕ್ಕಿಸಿ ತುದಿಗೆ ಹತ್ತಿ, ಮರವನ್ನು ಬಗ್ಗಿಸಿ ಪಕ್ಕದ ಮರಕ್ಕೆ ದಾಟುವ ಮನುಷ್ಯ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಒದ್ದೆ ಮರದ ಮೇಲೆ ಗಂಟೆಗಟ್ಟಲೆ ಇರುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿದ್ದು ನಾನು ಕಂಡಿಲ್ಲ.

ಆ ಮನುಷ್ಯ ಅಂಚಿನಲ್ಲಿ ನಿಂತುಬಿಟ್ಟರು. ವಾಲಲೇ ಇಲ್ಲ. ಎರಡು ಕೈಯಲ್ಲೂ ಹಗ್ಗ ತಬ್ಬಿ, ನೆಟ್ಟಗೆ ಇಳಿಯಲು ಹೋಗಿ ಕಾಲು ಜಾರಿ ಬಂಡೆಗೆ ಮೊಣಕಾಲು ಬಡಿದುಕೊಂಡರು. ಮಗ ಮೇಲಿನಿಂದ ತುಳುವಿನಲ್ಲಿ "ಪೋಡಿಯೊಡ್ಚಿ, ಪೋಡಿಯೊಡ್ಚಿ", ಹೆದರಬೇಡಿ, ಎನ್ನುತ್ತಲೇ ಇದ್ದ. ಅವರು ಅವನಿಗೆ ಬೈಯುತ್ತಲೇ ಇದ್ದರು. ಕೆಳಗಿದ್ದ ನಮಗೂ ಕೇಳುವಂತೆ. ನಗು ತಡೆಯಲು ನಾನು ತೋಡಿನ ಕಡೆ ತಿರುಗಿದೆ.

ಹೇಗೋ ಇಳಿದರು. ಮೈಯೆಲ್ಲ ಒದ್ದೆ.

"ಮರದಲ್ಲಾದರೆ ನಾನು ಹಿಡ್ಕೊಂಡಿರ್ತೇನೆ ಅಕ್ಕಾ" ಎಂದರು ಏದುಸಿರು ಬಿಡುತ್ತಾ. "ಮರ ಎಷ್ಟು ಬಾಗ್ತದೆ, ಎಲ್ಲಿ ಟೊಳ್ಳು, ನಂಗೆ ಕಾಲಲ್ಲೇ ಗೊತ್ತಾಗ್ತದೆ. ಇಲ್ಲಿ ನಾನು ಎಂತದ್ದೂ ಮಾಡ್ಲಿಕ್ಕಿಲ್ಲ. ಇವನು ಕಟ್ಟಿದ ಗಂಟನ್ನು ನಂಬಿ ಕೂತ್ಕೊಳ್ಬೇಕು. ಸಣ್ಣದಿರುವಾಗ ಇವನಿಗೆ ಚಪ್ಪಲಿ ಹಾಕ್ಲಿಕ್ಕೆ ಬರ್ತಿರ್ಲಿಲ್ಲ."

ಸಂಜೆ ಪನತ್ತಡಿಯಲ್ಲಿ ಚಾ ಕುಡಿಯುವಾಗ ಮಗ ಸುಮ್ನೆ ಬಿಡಲಿಲ್ಲ. ಇದೇ ಪಟ್ಟಿ, ಇದೇ ಹಗ್ಗವನ್ನು ಅಡಿಕೆ ಮರಕ್ಕೂ ಹೊಂದಿಸಬಹುದು, ಮುಂದಿನ ಮಳೆಗಾಲಕ್ಕೆ ಕಟ್ಟಿಕೊಂಡೇ ಹತ್ತಿ ಎಂದ. ಅಣ್ಣ ಪಳಂಪೊರಿ ಮುರಿಯುತ್ತಾ ಕೇಳಿಸಿಕೊಂಡರು. ಪ್ರತಿ ಮರಕ್ಕೂ ಬಿಚ್ಚಿ ಕಟ್ಟಿ ಮಾಡಿದರೆ ದಿನಕ್ಕೆ ಎಷ್ಟು ಮರ ಆದೀತು ಎಂದು ಅವರ ಲೆಕ್ಕ. ತಮ್ಮ ನಡುವೆ ಬಾಯಿ ಹಾಕಿ, ಈಗ ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲಾ ಎಂದ. "ಕತ್ತು ನೋವು ಬರುವುದು ಅದರಲ್ಲಿ" ಎಂದು ಅವನ ಬಾಯಿ ಮುಚ್ಚಿಸಿದರು.

ಮಗನ ಮುಖ ಸಣ್ಣದಾಯಿತು. ಅದನ್ನು ನೋಡಿಯೋ ಏನೋ, ಅಣ್ಣ ಜೀಪಿನ ಸೀಟಿನಲ್ಲಿದ್ದ ಹೆಲ್ಮೆಟ್ ಎತ್ತಿ ಗೆಣ್ಣಿನಿಂದ ಕುಟ್ಟಿ ನೋಡಿದರು.

"ಈ ಟೊಪ್ಪಿಗೆ ಎಷ್ಟು?"

ಮಗ ಖುಷಿಯಿಂದ ಕ್ರಯ ಹೇಳಿದ. "ನಿಮಗೊಂದು ತರಲಾ?"

"ನಂಗಲ್ಲ ಮಾರಾಯ, ಅಕ್ಕನಿಗೆ. ನಾನು ಮೇಲಿಂದ ಗೊನೆ ಹಾಕುವಾಗ ಕೆಳಗೆ ಹೆಕ್ಕುವುದು ಅವರಲ್ವಾ?"